ಕ್ಯಾಮರಾ ಯಾವುದಾದರೇನು, ನಿಲ್ಲುವ ಜಾಗ ತಿಳಿದಿರಬೇಕು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಹತ್ತನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು, ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ, ಈಗ ತೆಲಂಗಾಣದ ತಾಂಡೂರಿನಲ್ಲಿ ಹಾಸುಗಲ್ಲಿನ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದಾನೆ. ವಾಸ ಮಾತ್ರ ಸಮೀಪದ ಕೊಡಂಗಲ್‌ನಲ್ಲಿ. ಅವನು ಬಾಡಿಗೆಗಿರುವ ಮನೆಯ ಅಜ್ಜಿ ಕನ್ನಡದವರು. ಬೀದಿಯಲ್ಲಿ ತೆಲುಗು, ಒಲೆಯ ಬುಡದಲ್ಲಿ ಕನ್ನಡ.

"ಟೀಚರ್, ಅಜ್ಜಿ ರೊಟ್ಟಿ ಬಡಿಯುತ್ತಾ ಎಷ್ಟು ಚಂದ ಕಥೆ ಹೇಳುತ್ತಾರೆ ಗೊತ್ತುಂಟೋ? ವಿಡಿಯೋ ಮಾಡಿಡಬೇಕೆಂದು ಆಸೆ. ಮೊಬೈಲಿನಲ್ಲಿ ತೆಗೆದರೆ ಒಂದೂ ಸರಿ ಬರುವುದಿಲ್ಲ. ಒಳ್ಳೆಯ ಕ್ಯಾಮರಾಕ್ಕೆ ಅಂಗಡಿಯವ ಅರುವತ್ತು ಸಾವಿರ ಹೇಳುತ್ತಾನೆ. ತೆಗೆದುಕೊಳ್ಳಲೋ ಬೇಡವೋ?" ಎಂದು ಕೇಳಿದ.

ತೆಗೆದದ್ದನ್ನು ಮೊದಲು ಕಳುಹಿಸು ಎಂದೆ. ಕಳುಹಿಸಿದ. ಅಜ್ಜಿ ಬಾಗಿಲಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತಿದ್ದರು. ಹಿಂದೆ ಉರಿಬಿಸಿಲು, ಮುಂದೆ ಮುಖ ಮಸಿಯ ಹಾಗೆ ಕಪ್ಪು. ಹುಡುಗ ನಿಂತುಕೊಂಡೇ ತೆಗೆದದ್ದರಿಂದ ಅಜ್ಜಿಯ ನಡುನೆತ್ತಿಯ ಬೈತಲೆ ಕಾಣುತ್ತಿತ್ತೇ ಹೊರತು ಕಣ್ಣು ಕಾಣುತ್ತಿರಲಿಲ್ಲ. ಚಿತ್ರವಿಡೀ ಅಲುಗಾಟ. ಫ್ಯಾನಿನ ಸದ್ದಿನ ನಡುವೆ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ ಮಾತು: "ನಂದೇನ್ ಫೋಟು ತಗೀತಿಯೋ ಯಪ್ಪಾ, ಮೊದಲ ಉಣ್ಣು ಬಾ."

ಕ್ಯಾಮರಾ ಈಗ ಕೊಳ್ಳಬೇಡ, ಮೊದಲು ಕೈಯಲ್ಲಿರುವುದರಲ್ಲೇ ಕಲಿ ಎಂದು ಹೇಳಿದೆ. ಹಾಗೆ ಹೇಳುವುದಕ್ಕೆ ನನಗೊಂದು ಕಾರಣವಿತ್ತು.

ಕೈತಪ್ಪಿದ ನಲುವತ್ತು ನಿಮಿಷ

ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮ ದೊಡ್ಡಪ್ಪ ಶಾಲಾ ಬಾಲಕ. ಆ ದಿನಗಳ ಸಂಗತಿಗಳನ್ನು ಅವರಷ್ಟು ಬಿಡಿಬಿಡಿಯಾಗಿ ಹೇಳುವವರು ನಮ್ಮ ಕುಟುಂಬದಲ್ಲಿ ಬೇರೆ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಆಟಿ ತಿಂಗಳಲ್ಲಿ ಅವರನ್ನು ಚಾವಡಿಯಲ್ಲಿ ಕುಳ್ಳಿರಿಸಿ ನಲುವತ್ತು ನಿಮಿಷ ಮಾತನಾಡಿಸಿದೆ. ನನ್ನ ಫೋನು ಆಗ ಹೊಸತು, ಬೆಲೆಯೂ ಕಡಿಮೆಯದ್ದಲ್ಲ. ಅವರ ಬೆನ್ನ ಹಿಂದೆ ಅಂಗಳದ ಬೆಳಕು, ತಲೆಯ ಮೇಲೆ ತಗಡಿನ ಮಾಡಿಗೆ ಬಡಿಯುವ ಮಳೆ. ಎದುರು ಕುಳಿತ ನನಗೆ ಅವರ ಮುಖವೂ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಆದುದರಿಂದ ಫೋನಿಗೂ ಹಾಗೆಯೇ ಎಂದು ಭಾವಿಸಿದೆ. ಮರುವರ್ಷ ದೊಡ್ಡಪ್ಪ ತೀರಿಕೊಂಡರು. ವರ್ಷಾಂತದ ದಿನ ಎಲ್ಲರೂ ಸೇರಿ ನೋಡೋಣವೆಂದು ವಿಡಿಯೋ ತೆರೆದರೆ, ಕಂಡದ್ದು ಒಂದು ಕಪ್ಪು ಆಕೃತಿ, ಕೇಳಿಸಿದ್ದು ಬರೀ ಮಳೆ. ಅವರ ಮಗಳು ಒಂದು ಮಾತೂ ಆಡದೆ ಎದ್ದು ಒಳಗೆ ಹೋದಳು.

ನಮ್ಮ ಕಣ್ಣು ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ನೋಡುತ್ತದೆ. ಕಿವಿಯೂ ಮಳೆಯನ್ನು ಬದಿಗಿರಿಸಿ ಮಾತನ್ನು ಆರಿಸಿಕೊಳ್ಳುತ್ತದೆ. ಕ್ಯಾಮರಾಕ್ಕೆ ಈ ವಿವೇಕವಿಲ್ಲ. ಆ ವಿವೇಕವನ್ನು ಅದಕ್ಕೆ ಒದಗಿಸುವುದೇ ಛಾಯಾಗ್ರಹಣದ ವಿದ್ಯೆ. ಇದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಕಲಿಯಬೇಕಾದದ್ದು.

ಒಂದೇ ದಿನ ಗಡಿಯಾಚೆ ಉಳಿದವರು

ಕಾಸರಗೋಡಿನ ನಮಗೂ ಕೊಡಂಗಲ್‌ನ ಆ ಅಜ್ಜಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಒಂದು ತಾರೀಕಿನದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅದೇ ದಿನ ಹೈದರಾಬಾದ್ ರಾಜ್ಯ ಒಡೆದು, ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು ಹಾಗೂ ಜಹೀರಾಬಾದ್ ತಾಲೂಕಿನ ಹೆಚ್ಚಿನ ಭಾಗ ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ನಮ್ಮಲ್ಲಿ ಮಲಯಾಳ, ಅಲ್ಲಿ ತೆಲುಗು. ಉಳಿದ ಕಥೆಯೆಲ್ಲ ಹೆಚ್ಚು ಕಡಿಮೆ ಒಂದೇ. ಇಲ್ಲಿಯ ಹಾಗೆಯೇ ಅಲ್ಲಿಯೂ ಹಿರಿಯರ ಬಾಯಲ್ಲಿರುವ ಕನ್ನಡ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅವರು ಹೋದರೆ ಅದೂ ಹೋಯಿತು.

ಆಶ್ಚರ್ಯವೆಂದರೆ, ಯಾವ ಕ್ಯಾಮರಾ ಎಂಬ ಹುಡುಗನ ಪ್ರಶ್ನೆಗೆ ನಾನು ತಿಳಿದ ಅತ್ಯುತ್ತಮ ಉತ್ತರ ಅದೇ ಸೀಮೆಯಲ್ಲಿದೆ.

ಪಸ್ತಾಪುರದ ಪಾಠ

ಜಹೀರಾಬಾದಿನ ಬಳಿ ಪಸ್ತಾಪುರವೆಂಬ ಊರಿದೆ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ನೆಲೆ ಅದು. ಸುತ್ತಲಿನ ಹಳ್ಳಿಗಳ ಬಡ ದಲಿತ ಮಹಿಳೆಯರು ಸಂಘಗಳನ್ನು ಕಟ್ಟಿಕೊಂಡು, ಪಾಳು ಬಿದ್ದ ಭೂಮಿಯಲ್ಲಿ ಜೋಳ, ನವಣೆ, ಸಜ್ಜೆ, ತೊಗರಿಗಳನ್ನು ಬೆಳೆದು, ತಮ್ಮ ಬೀಜಗಳನ್ನು ತಾವೇ ಕಾಪಾಡಿಕೊಂಡು ಬಂದ ಕಥೆ ಈಗ ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿದೆ. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು. ದೂರದರ್ಶನದಲ್ಲಿ ನಿರ್ಮಾಪಕರಾಗಿ ಅನುಭವವಿದ್ದವರು. 2023ರ ಮಾರ್ಚ್‌ನಲ್ಲಿ ನಿಧನರಾದರು.

1990ರ ದಶಕದ ಉತ್ತರಾರ್ಧದಲ್ಲಿ ಈ ಸಂಘಗಳ ಕೆಲವು ಹೆಂಗಸರ ಕೈಗೆ ವಿಡಿಯೋ ಕ್ಯಾಮರಾ ಬಂತು. ಅವರಲ್ಲಿ ಹೆಚ್ಚಿನವರಿಗೆ ಓದುಬರಹ ಬಾರದು. ಹಗಲು ಹೊಲದಲ್ಲಿ ದುಡಿಯುವವರು. ಆದರೂ ಕಲಿತರು. 2001ರಲ್ಲಿ ಅವರದೇ ಆದ ಸಮುದಾಯ ಮಾಧ್ಯಮ ಟ್ರಸ್ಟ್ ರೂಪುಗೊಂಡಿತು. ಬೀಜ, ಬೆಳೆ, ಹಬ್ಬಗಳ ಕುರಿತು ಚಿತ್ರ ತೆಗೆದರು. ಬಿ.ಟಿ. ಹತ್ತಿಗೆ 2002ರಲ್ಲಿ ಸರಕಾರದ ಅನುಮತಿ ದೊರೆತ ಮೇಲೆ, ವಾರಂಗಲ್ ಜಿಲ್ಲೆಯಲ್ಲಿ ಅದನ್ನು ಬೆಳೆದ ರೈತರ ಪಾಡನ್ನು ಅವರ ಬಾಯಿಂದಲೇ ಹೇಳಿಸಿ 2003ರಲ್ಲಿ ಇವರು ತಯಾರಿಸಿದ ಚಿತ್ರ ಬೇರೆ ಭಾಷೆಗಳಿಗೂ ಹೋಗಿ, ಹೊರದೇಶಗಳಲ್ಲಿಯೂ ಪ್ರದರ್ಶನಗೊಂಡಿತು. 2008ರಲ್ಲಿ ಮಾಚನೂರಿನಲ್ಲಿ ಇವರದೇ ಸಂಘಂ ರೇಡಿಯೋ ಆರಂಭವಾಯಿತು.

ಇವರು ಕ್ಯಾಮರಾ ಕೋನಗಳಿಗೆ ಇಟ್ಟ ಹೆಸರುಗಳನ್ನು ಕೇಳಿದರೆ ಯಾವ ಚಲಚ್ಚಿತ್ರ ಶಾಲೆಯ ಪ್ರಾಧ್ಯಾಪಕನೂ ತಲೆದೂಗಬೇಕು. ಮೇಲಿನಿಂದ ಕೆಳಕ್ಕೆ ನೋಡುವ ಕೋನ ಇವರಿಗೆ 'ಪಟೇಲ್ ಶಾಟ್'. ಊರ ಪಟೇಲ ಕೂಲಿಯವರನ್ನು ಹಾಗೆಯೇ ನೋಡುವುದಲ್ಲವೆ? ಕೆಳಗಿನಿಂದ ತಲೆಯೆತ್ತಿ ನೋಡುವುದು ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮನಾಗಿಟ್ಟು ನೋಡುವುದು 'ಸಂಘಂ ಶಾಟ್'; ಏಕೆಂದರೆ ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಮಟ್ಟದಲ್ಲಿ ಕುಳಿತುಕೊಳ್ಳುತ್ತಾರೆ. ಪುಸ್ತಕದಲ್ಲಿ ಹತ್ತು ಪುಟ ಬರೆದು ವಿವರಿಸುವುದನ್ನು ಈ ಹೆಂಗಸರು ತಮ್ಮ ಬದುಕಿನಿಂದ ಮೂರು ಮಾತಿನಲ್ಲಿ ಹೇಳಿಬಿಟ್ಟರು.

ನನ್ನ ವಿದ್ಯಾರ್ಥಿ ತಿಳಿಯದೆಯೇ ಮಾಡಿದ್ದು ಪಟೇಲ್ ಶಾಟ್. ಅಜ್ಜಿ ನೆಲದಲ್ಲಿ, ಇವನು ನಿಂತು. ನಮ್ಮ ಶಾಲಾ ವಾರ್ಷಿಕೋತ್ಸವಗಳ ವಿಡಿಯೋಗಳನ್ನು ನೋಡಿ: ಮಕ್ಕಳೆಲ್ಲ ಕುಬ್ಜರಾಗಿ ಕಾಣುತ್ತಾರೆ. ತೆಗೆಯುವವರು ಮೊಣಕಾಲೂರಿ ಕುಳಿತರೆ ಸಾಕು, ಅದೇ ಮಗು ಅದೇ ಕ್ಯಾಮರಾದಲ್ಲಿ ಒಬ್ಬ ವ್ಯಕ್ತಿಯಾಗಿ ಕಾಣುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಟಿ.ಸಿ.ಎಚ್. ಕಲಿಯುವಾಗ ನಮಗೆ ಮೊದಲು ತಿದ್ದಿದ್ದು ಅಕ್ಷರವನ್ನಲ್ಲ, ನಿಲುವನ್ನು. ಕರಿಹಲಗೆಗೆ ಅಡ್ಡ ನಿಲ್ಲಬೇಡಿ, ಕೊನೆಯ ಬೆಂಚಿನ ಮಗುವಿಗೆ ಏನು ಕಾಣುತ್ತದೆಂದು ಯೋಚಿಸಿ ನಿಲ್ಲಿ ಎನ್ನುತ್ತಿದ್ದರು. ಕ್ಯಾಮರಾದ ವಿಷಯದಲ್ಲಿಯೂ ಮೊದಲ ಪಾಠ ಅದೇ.

ಬೆಳಕನ್ನು ಕೊಳ್ಳಬೇಕಾಗಿಲ್ಲ

ಎರಡನೆಯ ಪಾಠ ಬೆಳಕಿನದು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955) ಚಿತ್ರಕ್ಕೆ ಛಾಯಾಗ್ರಾಹಕರಾದ ಸುಬ್ರತ ಮಿತ್ರ ಆಗ ಇಪ್ಪತ್ತರ ಆಸುಪಾಸಿನ ತರುಣ. ಅದಕ್ಕೆ ಮೊದಲು ಅವರು ಚಲಚ್ಚಿತ್ರದ ಕ್ಯಾಮರಾ ನಡೆಸಿಯೇ ಇರಲಿಲ್ಲ. ಮುಂದಿನ 'ಅಪರಾಜಿತೋ' (1956) ಚಿತ್ರಕ್ಕೆ ಕಾಶಿಯ ಮನೆಯೊಂದರ ಒಳಾಂಗಣವನ್ನು ಸ್ಟುಡಿಯೋದಲ್ಲಿ ಕಟ್ಟಲಾಗಿತ್ತು. ಅಂಥ ಅಂಗಳಕ್ಕೆ ಆಕಾಶದಿಂದ ಇಳಿಯುವ ಮೆದು ಬೆಳಕನ್ನು ತರುವುದು ಹೇಗೆ? ಮಿತ್ರ ಮೇಲ್ಗಡೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ನೇರವಾಗಿ ನಟರ ಮೇಲೆ ಬಿಡದೆ ಆ ಬಟ್ಟೆಗೆ ಬಿಟ್ಟು, ಅಲ್ಲಿಂದ ಪುಟಿದು ಬಂದ ಬೆಳಕಿನಲ್ಲಿ ಚಿತ್ರ ತೆಗೆದರು.

ನಮ್ಮವರೇ ಆದ ವಿ.ಕೆ. ಮೂರ್ತಿ ಇನ್ನೊಂದು ನಿದರ್ಶನ. 1923ರಲ್ಲಿ ಮೈಸೂರಿನಲ್ಲಿ ಜನಿಸಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಕಣ್ಣಾದವರು. ಭಾರತದ ಪ್ರಥಮ ಸಿನೆಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' (1959) ಅವರ ಕೈಚಳಕ. ಅದರ ಹಾಡೊಂದರಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿನಿಂದ ಕಂಬದಂತೆ ಇಳಿಯುವ ಬೆಳಕನ್ನು ನೋಡಿದವರು ಮರೆಯಲಾರರು. ಆ ಬೆಳಕು ಸೂರ್ಯನದೇ. ದೊಡ್ಡ ಕನ್ನಡಿಗಳಿಂದ ಮೂರ್ತಿಯವರು ಅದನ್ನು ಒಳಗೆ ತಿರುಗಿಸಿದ್ದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು.

ಒಬ್ಬರು ಬಟ್ಟೆ, ಇನ್ನೊಬ್ಬರು ಕನ್ನಡಿ. ಎರಡೂ ನಮ್ಮ ಮನೆಯಲ್ಲಿ ಉಂಟು. ಅಜ್ಜಿಯನ್ನು ಬಾಗಿಲಿಗೆ ಬೆನ್ನು ಹಾಕಿ ಕುಳ್ಳಿರಿಸುವ ಬದಲು ಬಾಗಿಲಿನ ಬದಿಗೆ ಅಡ್ಡವಾಗಿ ಕುಳ್ಳಿರಿಸಿ. ಒಂದು ಕೆನ್ನೆಗೆ ಬೆಳಕು ಚೆನ್ನಾಗಿ ಬೀಳುತ್ತದೆ. ಇನ್ನೊಂದು ಕೆನ್ನೆ ತೀರ ಕಪ್ಪಾದರೆ, ಆ ಬದಿಯಲ್ಲಿ ಕುರ್ಚಿಯ ಮೇಲೆ ಒಗೆದ ಬಿಳಿ ಪಂಚೆ ಹರಡಿ; ಬೆಳಕು ಪುಟಿದು ಮುಖದ ನೆರಿಗೆಗಳೂ ಮೃದುವಾಗಿ ಕಾಣುತ್ತವೆ. ನಡುಹಗಲಿನ ಬಿಸಿಲಿನಲ್ಲಿ ತೆಗೆಯಬೇಡಿ, ಕಣ್ಣು ಗುಳಿ ಬಿದ್ದಂತೆ ಕಾಣುತ್ತದೆ. ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕರ ಮೇಲೆ ಬೆಳಕು ಹಿತವಾಗಿರುತ್ತದೆ. ಫೋನಿನ ಪರದೆಯಲ್ಲಿ ಮುಖದ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಸ್ಪಷ್ಟತೆಯೂ ಬೆಳಕಿನ ಅಳತೆಯೂ ಅಲ್ಲಿಗೇ ನಿಲ್ಲುತ್ತವೆ. ಆ ಮೇಲೆ ಯಾರಾದರೂ ಹಿಂದೆ ಹಾದುಹೋದರೂ ಚಿತ್ರ ಮಂಕಾಗುವುದಿಲ್ಲ.

ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದರೆ ಪಟ್ಟೆಪಟ್ಟೆಯಾಗಿ ಮಿನುಗುವುದುಂಟು. ನಮ್ಮ ದೇಶದ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50; ದೀಪದ ಬೆಳಕು 100 ಸಲ ಏರಿ ಇಳಿಯುತ್ತದೆ. ಕ್ಯಾಮರಾದಲ್ಲಿ ಬದಲಾಯಿಸುವ ಅನುಕೂಲವಿದ್ದರೆ ಸೆಕೆಂಡಿಗೆ 25 ಚಿತ್ರಗಳು, ಷಟರ್ ಸೆಕೆಂಡಿನ 50ರಲ್ಲಿ ಒಂದಂಶ ಎಂದು ಇಟ್ಟುಕೊಳ್ಳಿ. ಮಿನುಗು ನಿಲ್ಲುತ್ತದೆ.

ಕೈ ಅಲುಗಬಾರದು, ಮನಸ್ಸು ಅವಸರಿಸಬಾರದು

ಮೂರನೆಯದು ಸ್ಥಿರತೆ. ಕಾಲ್ಮಣೆ ಇಲ್ಲದಿದ್ದರೆ ಗೋಡೆಗೆ ಬೆನ್ನು ಕೊಡಿ, ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಿರಿ, ಉಸಿರು ಮೆಲ್ಲನೆ ಬಿಡಿ. ಅರ್ಧ ತುಂಬಿದ ಅಕ್ಕಿಯ ಚೀಲವೊಂದನ್ನು ಮೇಜಿನ ಮೇಲಿಟ್ಟು ಅದರೊಳಗೆ ಫೋನನ್ನು ಒತ್ತಿ ನಿಲ್ಲಿಸಿದರೆ ಅದೇ ಒಳ್ಳೆಯ ಆಧಾರ. ಫೋನನ್ನು ಅಡ್ಡವಾಗಿಯೇ ಹಿಡಿಯಿರಿ. ದೂರದಿಂದ ಹಿಗ್ಗಿಸಿ ತೆಗೆಯುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ.

ಒಂದೇ ತುಂಡಾಗಿ ಅರ್ಧ ಗಂಟೆ ತೆಗೆಯುವುದು ನಮ್ಮೆಲ್ಲರ ಅಭ್ಯಾಸ. ಅದರ ಬದಲು ಚೂರು ಚೂರಾಗಿ ತೆಗೆಯಿರಿ. ರೊಟ್ಟಿ ಬಡಿಯುವುದನ್ನೇ ತೆಗೆದುಕೊಳ್ಳೋಣ. ಮೊದಲು ದೂರದಿಂದ ಅಡಿಗೆಕೋಣೆ ಪೂರ್ತಿ. ಆಮೇಲೆ ಅಜ್ಜಿ ಸೊಂಟದಿಂದ ಮೇಲಕ್ಕೆ. ಬಳಿಕ ಹಿಟ್ಟಿನ ಮೇಲೆ ಆಡುವ ಕೈಗಳು ಮಾತ್ರ. ಮತ್ತೆ ಮುಖ ಮಾತ್ರ. ಕೊನೆಗೆ ಅವರ ಭುಜದ ಹಿಂದಿನಿಂದ, ಅವರಿಗೆ ಕಾಣುವಂತೆ ಹಂಚಿನ ಮೇಲಿನ ರೊಟ್ಟಿ. ಒಂದೊಂದನ್ನೂ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಅಲುಗದೆ ಹಿಡಿದರೆ, ಜೋಡಿಸುವಾಗ ಅದು ನಿಜವಾಗಿಯೂ ಸಿನೆಮಾದಂತೆ ಕಾಣುತ್ತದೆ. ಅಜ್ಜಿ ಎಡಕ್ಕೆ ನೋಡುತ್ತಿದ್ದರೆ ಚಿತ್ರದಲ್ಲಿ ಎಡಬದಿಗೆ ಸ್ವಲ್ಪ ಜಾಗ ಬಿಡಿ, ಮೂಗು ಗೋಡೆಗೆ ತಾಗಿದಂತಿರಬಾರದು.

ಇಬ್ಬರು ಎದುರೆದುರು ಮಾತನಾಡುವುದನ್ನು ತೆಗೆಯುವಾಗ ಒಂದು ನಿಯಮವಿದೆ. ಇದನ್ನು ತಾಳಮದ್ದಳೆ ನೋಡಿದ ನಮ್ಮ ಜನರಿಗೆ ವಿವರಿಸುವುದು ಸುಲಭ. ಅರ್ಥಧಾರಿಗಳು ಎದುರೆದುರು ಕುಳಿತಿರುತ್ತಾರೆ. ಸಭೆಯಲ್ಲಿ ಕುಳಿತ ನಮಗೆ ಕೃಷ್ಣ ಯಾವಾಗಲೂ ಎಡಕ್ಕೆ, ಕೌರವ ಬಲಕ್ಕೆ ಎಂದಿಟ್ಟುಕೊಳ್ಳಿ. ನೀವೆದ್ದು ಭಾಗವತರ ಹಿಂದೆ ಹೋಗಿ ನಿಂತರೆ ಎಡ ಬಲ ಅದಲುಬದಲು. ಕ್ಯಾಮರಾ ಹೀಗೆ ಆಚೆಗೊಮ್ಮೆ ಈಚೆಗೊಮ್ಮೆ ಹಾರಿದರೆ ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆಂದು ನೋಡುಗನಿಗೆ ತಿಳಿಯದು. ಆದುದರಿಂದ ಸಭೆಯ ಬದಿಯಲ್ಲಿಯೇ ಇರಿ. ಎಡಕ್ಕೋ ಬಲಕ್ಕೋ ಸರಿಯಿರಿ, ಗೆರೆ ದಾಟಬೇಡಿ.

ಕಿವಿಗೂ ಒಂದು ಕ್ಯಾಮರಾ ಬೇಕು

ಚಿತ್ರ ಸ್ವಲ್ಪ ಕೆಟ್ಟರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಸಹಿಸುವುದಿಲ್ಲ. ನನ್ನ ದೊಡ್ಡಪ್ಪನ ವಿಡಿಯೋದಲ್ಲಿ ಮುಖ ಕಪ್ಪಾದದ್ದಕ್ಕಿಂತಲೂ ಮಾತು ಮುಳುಗಿದ್ದೇ ದೊಡ್ಡ ನಷ್ಟ. ಈಗ ಮನೆಯಲ್ಲಿ ಎರಡು ಫೋನುಗಳಿಲ್ಲದವರು ವಿರಳ. ಒಂದರಲ್ಲಿ ಚಿತ್ರ ತೆಗೆಯಿರಿ. ಇನ್ನೊಂದರಲ್ಲಿ ಧ್ವನಿಮುದ್ರಣ ಆರಂಭಿಸಿ ಮಾತನಾಡುವವರ ಎದೆಯ ಜೇಬಿನಲ್ಲೋ ಮಡಿಲಲ್ಲೋ ಇಡಿ. ಮೊದಲಿಗೆ ಒಮ್ಮೆ ಚಪ್ಪಾಳೆ ತಟ್ಟಿ. ಜೋಡಿಸುವಾಗ ಕೈ ಕೂಡುವ ಚಿತ್ರಕ್ಕೂ ಚಪ್ಪಾಳೆಯ ಸದ್ದಿಗೂ ತಾಳೆ ಹಾಕಿದರೆ ಉಳಿದದ್ದೆಲ್ಲ ತಾನಾಗಿ ಸರಿಹೊಂದುತ್ತದೆ. ಫ್ಯಾನ್ ನಿಲ್ಲಿಸಿ. ಮಳೆ ಬಂದರೆ ಮಳೆ ಬಿಡುವವರೆಗೆ ಕಾಯಿರಿ. ಬೇಕಾದರೆ ಇನ್ನೊಂದು ಚಾ ಕುಡಿಯಬಹುದು.

ಕಡೆಯದಾಗಿ, ತೆಗೆದದ್ದನ್ನು ಎರಡು ಕಡೆ ಉಳಿಸಿ. ಯಾರು, ಯಾವ ಊರು, ಯಾವ ತಾರೀಕು ಎಂದು ಹೆಸರು ಬರೆದಿಡಿ. ಹೆಸರಿಲ್ಲದ ವಿಡಿಯೋ ವಿಳಾಸವಿಲ್ಲದ ಕಾಗದದಂತೆ.

ನಮ್ಮನ್ನು ನಾವೇ ನೋಡುವುದು

2018ರಲ್ಲಿ ನಮ್ಮ ಜಿಲ್ಲೆಯ ಕನ್ನಡ ಶಾಲೆಯೊಂದರ ಕಥೆಯನ್ನಿರಿಸಿಕೊಂಡು ರಿಷಬ್ ಶೆಟ್ಟಿಯವರು ನಿರ್ದೇಶಿಸಿದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಚಿತ್ರ ಬಂತು. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಆದರೆ ಸಿನೆಮಾದವರು ದಿನವೂ ಬರುವುದಿಲ್ಲ. ನಮ್ಮ ಅಂಗಳದ ಆಟ, ನಮ್ಮ ಅತ್ತೆಯರ ಶೋಭಾನೆ, ಮುಚ್ಚುವ ಭೀತಿಯಲ್ಲಿರುವ ಕನ್ನಡ ಶಾಲೆಯ ಕೊನೆಯ ಬೆಂಚು, ಇವನ್ನೆಲ್ಲ ನಾವಲ್ಲದೆ ಇನ್ನು ಯಾರು ತೆಗೆದಿಡಬೇಕು? ಅಕ್ಷರ ಬಾರದ ಜಹೀರಾಬಾದಿನ ಹೆಂಗಸರು ಹೊಲದ ಕೆಲಸದ ನಡುವೆ ಕಲಿತದ್ದನ್ನು, ಅಕ್ಷರ ಬಲ್ಲ ನಾವು ಕಲಿಯಲಾರೆವೆಂದರೆ ಅದು ಸೋಮಾರಿತನವೇ ಸರಿ.

ಇದನ್ನೆಲ್ಲ ಹುಡುಗನಿಗೆ ಎರಡು ಮೂರು ಸಲವಾಗಿ ಫೋನಿನಲ್ಲಿ ಹೇಳಿದೆ. ಮೊನ್ನೆ ಭಾನುವಾರ ಅವನಿಂದ ಇನ್ನೊಂದು ವಿಡಿಯೋ ಬಂತು. ಅದೇ ಹಳೆಯ ಫೋನು. ಅಜ್ಜಿ ಬಾಗಿಲ ಬದಿಗೆ ತಿರುಗಿ ಕುಳಿತಿದ್ದಾರೆ. ಇವನೂ ನೆಲದ ಮೇಲೆ ಕುಳಿತಿದ್ದಾನೆ ಎನ್ನುವುದು ಅವರ ಕಣ್ಣು ನೇರವಾಗಿ ನಮ್ಮನ್ನು ನೋಡುವುದರಿಂದಲೇ ಗೊತ್ತಾಗುತ್ತದೆ. ಕೈಗಳ ಮೇಲಿನ ಜೋಳದ ಹಿಟ್ಟು ಕಾಣುತ್ತದೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಹೇಳುತ್ತಿದ್ದದ್ದು ಅವರು ಮದುವೆಯಾಗಿ ಸೇಡಂ ಕಡೆಯಿಂದ ಕೊಡಂಗಲ್‌ಗೆ ಬಂದ ಕಥೆ. ಆಗ ಹೊಳೆ ದಾಟಿದ್ದು ನೆನಪುಂಟಂತೆ, ರಾಜ್ಯ ದಾಟಿದ್ದು ಗೊತ್ತೇ ಇರಲಿಲ್ಲವಂತೆ.

ಆರು ನಿಮಿಷದ ಆ ವಿಡಿಯೋವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಿದೆ. "ಟೀಚರ್, ಇದು ಎಷ್ಟು ಸಾವಿರದ ಕ್ಯಾಮರಾ?" ಎಂದು ಒಬ್ಬ ಕೇಳಿದ. ನಿನ್ನ ಅಮ್ಮನ ಕೈಯಲ್ಲಿರುವಂಥದ್ದೇ ಎಂದೆ. ಬರುವ ಶನಿವಾರ ರಜೆ. ಪ್ರತಿಯೊಬ್ಬರೂ ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರನ್ನು ಐದು ನಿಮಿಷ ಮಾತನಾಡಿಸಿಕೊಂಡು ಬರಬೇಕೆಂದು ಮನೆಗೆಲಸ ಕೊಟ್ಟಿದ್ದೇನೆ. ಮೊದಲು ಕುಳಿತುಕೊಳ್ಳಬೇಕು, ಆಮೇಲೆ ಫೋನು ತೆಗೆಯಬೇಕು ಎಂಬುದೊಂದೇ ನಿಬಂಧನೆ.

ವಾಚಕರ ಮನೆಗಳಲ್ಲಿಯೂ ಹಿರಿಯರಿದ್ದಾರೆ. ಮಳೆಗಾಲ ಬರುವ ಮುನ್ನ ಒಂದು ಬೆಳಗ್ಗೆ ಅವರ ಬಳಿ ಕುಳಿತುಕೊಳ್ಳಿ. ನನ್ನ ಹಾಗೆ ವರ್ಷಾಂತದ ದಿನ ಪರಿತಪಿಸಬೇಡಿ.